ಬೆಣೆಯ ಬಿಗಿ ಬಿಡಿಸುವ ಬಗೆ

ಹಳೆಯ ಕಾರುಗಳ ಹಿಂಗಾಲಿಯ ಹಬ್ ಕಳಚುವ ಕಸುಬಿನ ಪರಿಚಯ

ಕಾರಿನ ಹಿಂಗಾಲಿಯ ನಡುವೆ ಕೂತು, ಎಂಜಿನ್ನಿನಿಂದ ಬಂದ ತಿರುವು ಬಲವನ್ನು ಆಕ್ಸಲ್ ಶಾಫ್ಟಿನಿಂದ ಚಕ್ರಕ್ಕೆ ದಾಟಿಸುವ ಉಕ್ಕಿನ ಭಾಗವೇ ಹಬ್. ಚಕ್ರದ ಬೋಲ್ಟುಗಳು ಇದಕ್ಕೆ ಸೇರಿರುತ್ತವೆ, ಬ್ರೇಕಿನ ಡ್ರಮ್ ಇದರ ಮೇಲೆ ಕೂರುತ್ತದೆ. ಇಂದಿನ ಬಹುಪಾಲು ಕಾರುಗಳಲ್ಲಿ ನಾಲ್ಕೈದು ಬೋಲ್ಟು ಬಿಚ್ಚಿದರೆ ಈ ಭಾಗ ಕೈಗೆ ಬರುತ್ತದೆ. 1960ರ ದಶಕಕ್ಕಿಂತ ಹಿಂದಿನ ಅನೇಕ ಕಾರುಗಳಲ್ಲಿ ಮಾತ್ರ ಹಬ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಲ್ಲಿ ಶಾಫ್ಟಿನ ತುದಿ ಶಂಕುವಿನಂತೆ ಸಪೂರವಾಗುತ್ತಾ ಹೋಗಿರುತ್ತದೆ. ಅದೇ ಇಳಿಜಾರಿನ ರಂಧ್ರವಿರುವ ಹಬ್ಬನ್ನು ಅದರ ಮೇಲೆ ಕೂರಿಸಿ, ದೊಡ್ಡ ನಟ್ಟಿನಿಂದ ಬಿಗಿದಿರುತ್ತಾರೆ. ಮೂವತ್ತು ನಲವತ್ತು ವರ್ಷ ಹಾಗೇ ಇದ್ದ ಹಬ್ ಶಾಫ್ಟಿಗೆ ಬೆಸೆದುಕೊಂಡಂತಾಗುತ್ತದೆ. ಗ್ಯಾರೇಜಿನ ಮಾತಿನಲ್ಲಿ ಅದು ‘ಕಚ್ಚಿಕೊಂಡ’ ಹಬ್. ಅದನ್ನು ಶಾಫ್ಟಿಗೂ ಬೇರಿಂಗಿಗೂ ಪೆಟ್ಟಾಗದಂತೆ ಬಿಡಿಸುವುದು ಹಳೆಯ ಕಾರು ದುರಸ್ತಿಯಲ್ಲಿ ಪ್ರತ್ಯೇಕವಾಗಿಯೇ ಕಲಿಯಬೇಕಾದ ಕೆಲಸ.

ಟೇಪರ್ ಹಿಡಿಯುವುದು ಹೇಗೆ

ಶಾಫ್ಟಿನ ತುದಿಯ ಈ ಇಳಿಜಾರಿಗೆ ಟೇಪರ್ ಎಂದು ಹೆಸರು. ಮರ ಸೀಳಲು ಹೊಡೆಯುವ ಬೆಣೆ ಹೇಗೆ ಸಣ್ಣ ಕೋನದಿಂದ ದೊಡ್ಡ ಒತ್ತಡ ಹುಟ್ಟಿಸುತ್ತದೆಯೋ ಟೇಪರ್ ಹಾಗೆಯೇ ಕೆಲಸ ಮಾಡುತ್ತದೆ. ಇಲ್ಲಿ ಬೆಣೆ ಶಾಫ್ಟಿನ ಸುತ್ತ ಪೂರ್ತಿ ಹರಡಿಕೊಂಡಿದೆ ಎನ್ನುವುದಷ್ಟೇ ವ್ಯತ್ಯಾಸ. ನಟ್ ಬಿಗಿಯುತ್ತಾ ಹೋದಂತೆ ಹಬ್ ದಪ್ಪ ಭಾಗದ ಕಡೆಗೆ ಸರಿಯುತ್ತದೆ, ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ ಉಕ್ಕು ಮರಳಿ ಕುಗ್ಗಲು ಹವಣಿಸುತ್ತಾ ಶಾಫ್ಟನ್ನು ಅಪ್ಪಿ ಹಿಡಿಯುತ್ತದೆ.

ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಾದ ಟೇಪರಿನ ಅನುಪಾತ 1:8. ಅಂದರೆ ಉದ್ದದಲ್ಲಿ 8 ಮಿಲಿಮೀಟರ್ ಸಾಗಿದರೆ ವ್ಯಾಸ 1 ಮಿಲಿಮೀಟರ್ ಬದಲಾಗುತ್ತದೆ. ಶಾಫ್ಟಿನ ನಡುಗೆರೆಯಿಂದ ಅಳೆದರೆ ಈ ಇಳಿಜಾರಿನ ಕೋನ ಸುಮಾರು 3.6 ಡಿಗ್ರಿ. ಒಣ ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಇಳಿಜಾರು 8 ಡಿಗ್ರಿಗಿಂತ ಹೆಚ್ಚಿರಬೇಕು. ಇಲ್ಲಿನ ಕೋನ ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿಯೇ ನಟ್ ಪೂರ್ತಿ ಬಿಚ್ಚಿದರೂ ಹಬ್ ತಾನಾಗಿ ಹೊರಬರುವುದಿಲ್ಲ. ಲೇತಿನಲ್ಲಿ ಡ್ರಿಲ್ಲನ್ನೂ ಸೆಂಟರನ್ನೂ ಹಿಡಿಯುವ ಮೋರ್ಸ್ ಟೇಪರ್ ದುಡಿಯುವುದು ಇದೇ ತತ್ವದ ಮೇಲೆ. ಅಮೆರಿಕದ ಸ್ಟೀಫನ್ ಮೋರ್ಸ್ 19ನೇ ಶತಮಾನದಲ್ಲಿ ರೂಪಿಸಿದ ಆ ಅಳತೆ ಬೆಂಗಳೂರಿನ ಪೀಣ್ಯದ ಪ್ರತಿಯೊಬ್ಬ ಲೇತ್ ಕೆಲಸಗಾರನಿಗೂ ಗೊತ್ತು.

ಒಂದು ಸ್ಥೂಲ ಲೆಕ್ಕ ಈ ಹಿಡಿತದ ಗಾತ್ರವನ್ನು ತೋರಿಸುತ್ತದೆ. 16 ಮಿಲಿಮೀಟರ್ ದಪ್ಪದ ಮರೆಯ (ಥ್ರೆಡ್ಡಿನ) ಮೇಲಿನ ನಟ್ಟನ್ನು 135 ನ್ಯೂಟನ್-ಮೀಟರ್ ಬಲದಲ್ಲಿ ಬಿಗಿದರೆ ಅದು ಹಬ್ಬನ್ನು ಸುಮಾರು 4 ಟನ್ ಭಾರದಷ್ಟು ಬಲದಿಂದ ಒಳಕ್ಕೆ ತಳ್ಳುತ್ತದೆ. 1:8 ಟೇಪರಿನಲ್ಲಿ ಈ 4 ಟನ್ ಸುತ್ತಲ ಮೇಲ್ಮೈ ಮೇಲೆ ಒಟ್ಟಾರೆ 19 ಟನ್ನಿನಷ್ಟು ಅಪ್ಪುಗೆಯಾಗಿ ಬೆಳೆಯುತ್ತದೆ. ಮೇಲ್ಮೈ ಚೊಕ್ಕಟವಾಗಿದ್ದರೆ ಹಬ್ಬನ್ನು ಹೊರಗೆಳೆಯಲು ಒಂದೂಮುಕ್ಕಾಲು ಟನ್ನಿನಷ್ಟು ಬಲ ಸಾಕು, ಅಂದರೆ ಕೂರಿಸಲು ಬೇಕಾದುದರ ಅರ್ಧಕ್ಕೂ ಕಡಿಮೆ. ಸರಿಯಾಗಿ ಜೋಡಿಸಿದ ಹಬ್ ಪುಲ್ಲರಿಗೆ (ಹಬ್ ಹೊರಗೆಳೆಯುವ ಸಲಕರಣೆಗೆ) ಬೇಗ ಬಗ್ಗುವುದೂ, ತುಕ್ಕು ತುಂಬಿದ ಹಬ್ ಇದರ ಹಲವು ಪಟ್ಟು ಬಲ ಕೇಳುವುದೂ ಈ ಲೆಕ್ಕದಿಂದ ಅರ್ಥವಾಗುತ್ತವೆ.

ಹಬ್ ಮತ್ತು ಶಾಫ್ಟಿನ ನಡುವೆ ಒಂದು ಕೀ ಕೂಡ ಇರುತ್ತದೆ. ಎರಡೂ ಕಡೆ ಕೊರೆದ ಗಾಡಿಯಲ್ಲಿ (ಉದ್ದನೆಯ ತೋಡಿನಲ್ಲಿ) ಕೂರುವ ಚಿಕ್ಕ ಉಕ್ಕಿನ ತುಂಡು ಅದು. ಚಕ್ರ ತಿರುಗುವುದು ಕೀಯ ಬಲದಿಂದಲೇ ಎಂಬ ತಿಳಿವಳಿಕೆ ಗ್ಯಾರೇಜುಗಳಲ್ಲಿ ಇದೆ. ತಿರುವು ಬಲದ ಹೆಚ್ಚಿನ ಪಾಲನ್ನು ಹೊರಬೇಕಾದದ್ದು ಟೇಪರಿನ ಘರ್ಷಣೆ, ಕೀ ಅದಕ್ಕೆ ಒತ್ತಾಸೆ. ನಟ್ ಸಡಿಲವಾಗಿ ಟೇಪರಿನ ಹಿಡಿತ ತಪ್ಪಿದಾಗ ಭಾರವೆಲ್ಲ ಕೀಯ ಮೇಲೆ ಬೀಳುತ್ತದೆ. ಆಗ ಕೀ ಮೊದಲು ಮೆಟ್ಟಿಲಿನಂತೆ ಸವೆಯುತ್ತದೆ, ಕೊನೆಗೆ ಕತ್ತರಿಸಿ ಹೋಗುತ್ತದೆ.

ಯಾವ ಕಾರುಗಳಲ್ಲಿ ಇದೆ

ಫೋರ್ಡ್ ಕಂಪನಿ 1908ರಿಂದ 1927ರವರೆಗೆ ತಯಾರಿಸಿದ ಮಾಡೆಲ್ ಟಿ, ನಂತರ ಬಂದ ಮಾಡೆಲ್ ಎ, ಅದರ ಬೆನ್ನಿಗೆ 1948ರವರೆಗಿನ ಫೋರ್ಡ್ ಕಾರುಗಳು ಟೇಪರ್ ಶಾಫ್ಟಿನವು. ಮಾಡೆಲ್ ಎ ಕಾರಿನಲ್ಲಿ ಹಬ್ ಮತ್ತು ಡ್ರಮ್ ಒಟ್ಟಿಗೇ ಹೊರಬರಬೇಕು. ಹಬ್ಬನ್ನು ಎಳೆಯದೆ ಬ್ರೇಕ್ ಶೂಗಳ ಮುಖ ನೋಡಲೂ ಆಗದು. ಅದರ ಹಬ್ಬಿನ ಹೊರತುದಿಯಲ್ಲಿ ಪುಲ್ಲರ್ ಹಿಡಿಯಲೆಂದೇ ಒಂದು ಅಂಚು ಬಿಟ್ಟಿದ್ದಾರೆ.

ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳು ಈ ವಿಷಯದಲ್ಲಿ ಹೆಚ್ಚು ಹೆಸರಾದವು. ಆ ಕಂಪನಿ ಚಾಚುಪಟ್ಟಿಯ (ತುದಿಯಲ್ಲೇ ಫ್ಲ್ಯಾಂಜ್ ಇರುವ) ಶಾಫ್ಟಿಗೆ ಬದಲಾದದ್ದು 1965ರ ಮಾದರಿಗಳಲ್ಲಿ. ಈ ಕಾರುಗಳು ಭಾರತಕ್ಕೆ ಬಂದ ದಾರಿಯಲ್ಲಿ ಕರ್ನಾಟಕದ ಹೆಸರೂ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿ ಅಮೆರಿಕ, ಯುರೋಪುಗಳನ್ನು ಸುತ್ತಿದರು. ಉದ್ಯಮಿ ವಾಲ್ಚಂದ್ ಹೀರಾಚಂದ್ ಅದನ್ನು ಕ್ರೈಸ್ಲರ್ ನೆರವಿನಿಂದ ಮುಂದಕ್ಕೊಯ್ದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಪ್ರಯತ್ನಕ್ಕೆ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಬೆಂಬಲ ಕೊಟ್ಟರೂ ಬ್ರಿಟಿಷ್ ಭಾರತ ಸರ್ಕಾರದ ಒಲವು ಸಿಗದೆ ಅದು ಕೈಗೂಡಲಿಲ್ಲ. 1944ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂದೆ ಡಾಜ್, ಪ್ಲಿಮತ್, ಡಿಸೋಟೊಗಳನ್ನು ಜೋಡಿಸಿ ಮಾರಿತು. ಅವುಗಳಲ್ಲಿ ಉಳಿದಿರುವ ಕಾರುಗಳ ಬ್ರೇಕ್ ದುರಸ್ತಿ ಇಂದಿಗೂ ಟೇಪರಿನಿಂದ ಹಬ್ ಎಳೆಯುವುದರಿಂದಲೇ ಶುರು.

ದಕ್ಷಿಣ ಭಾರತದವರಿಗೆ ಹೆಚ್ಚು ಪರಿಚಿತವಾದದ್ದು ಸ್ಟಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ವಿನ್ಯಾಸ ಮಾಡಿ 1959ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಟ್ರಯಂಫ್ ಹೆರಾಲ್ಡ್ ಕಾರನ್ನು ಮದರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ ಇಲ್ಲಿ ತಯಾರಿಸಿತು. 948 ಸಿ.ಸಿ. ಎಂಜಿನ್ನಿನ ಈ ಕಾರಿನ ಹಿಂದಿನ ಎರಡು ಗಾಲಿಗಳೂ ಬೇರೆಬೇರೆಯಾಗಿ ತೂಗುವ ಸ್ವಿಂಗ್ ಆಕ್ಸಲ್ ಮೇಲಿವೆ. ಅದರಲ್ಲಿ ಡ್ರಮ್ ಕಳಚುವುದು ಸುಲಭ, ಎರಡು ತಿರುಪು ಬಿಚ್ಚಿದರೆ ಆಯಿತು. ಹೊರಗಿನ ಬೇರಿಂಗು ಅಥವಾ ಸೀಲು ಬದಲಿಸಬೇಕೆಂದಾಗ ಟೇಪರಿನ ಮೇಲಿನ ಹಬ್ ಎದುರಾಗುತ್ತದೆ. ಅದೇ ವಂಶದ ಟ್ರಯಂಫ್ ಸ್ಪಿಟ್‌ಫೈರ್ ಕಾರಿನದೂ ಇದೇ ಕಥೆ. ಹೆರಾಲ್ಡಿನ ಉತ್ತರಾಧಿಕಾರಿಯಾಗಿ 1972ರಲ್ಲಿ ಬಂದ ಸ್ಟಾಂಡರ್ಡ್ ಗೆಜೆಲ್‌ನಲ್ಲಿ ಸ್ವಿಂಗ್ ಆಕ್ಸಲ್ ಹೋಗಿ ಒಂದೇ ದಿಂಡಿನ ಹಿಂದಿನ ಆಕ್ಸಲ್ ಬಂತು.

ಫೋಕ್ಸ್‌ವ್ಯಾಗನ್ ಬೀಟಲ್ ಇವಕ್ಕಿಂತ ಭಿನ್ನ. ಅದರಲ್ಲಿ ಟೇಪರ್ ಇಲ್ಲ. ಹಲ್ಲುಹಲ್ಲಾದ ಸ್ಪ್ಲೈನ್ ಮೇಲೆ ಡ್ರಮ್ ಕೂರುತ್ತದೆ. ಅಲ್ಲಿ ಕಷ್ಟ ಕೊಡುವುದು ಸುಮಾರು 300 ನ್ಯೂಟನ್-ಮೀಟರ್‌ಗೆ ಬಿಗಿದ 36 ಮಿಲಿಮೀಟರ್ ನಟ್ ಮತ್ತು ಹಲ್ಲುಗಳ ನಡುವಿನ ತುಕ್ಕು. ಲಾರಿಗಳ ಫುಲ್-ಫ್ಲೋಟಿಂಗ್ ಆಕ್ಸಲ್‌ಗಳಲ್ಲಂತೂ ಹಬ್ ಕೂರುವುದು ಹೊರಕವಚದ ಮೇಲಿನ ಬೇರಿಂಗುಗಳ ಮೇಲೆ. ಶಾಫ್ಟ್ ಕೇವಲ ತಿರುಗಿಸುತ್ತದೆ, ಭಾರ ಹೊರುವುದಿಲ್ಲ. ಟೇಪರ್ ಹಬ್ಬಿನ ಅನೇಕ ಕಾರುಗಳಲ್ಲಿ ಶಾಫ್ಟ್ ಗಾಲಿಯನ್ನು ತಿರುಗಿಸುವುದರ ಜೊತೆಗೆ ಕಾರಿನ ಭಾರವನ್ನೂ ಹೊರುತ್ತದೆ. ಶಾಫ್ಟಿನ ತುದಿ ಮುರಿದರೆ ಅಥವಾ ನಟ್ ಕಳೆದುಹೋದರೆ ಓಡುವ ಕಾರಿನಿಂದ ಗಾಲಿಯೇ ಕಳಚಿ ಹೋಗಬಹುದು. ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದಕ್ಕೆ ಇದೇ ಕಾರಣ.

ಹಬ್ ಕಚ್ಚುವುದೇಕೆ

ಮೊದಲ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಹಿಂದಿಗಿಂತ ಹೆಚ್ಚು ಜಾಗ ಕೇಳುತ್ತದೆ. ಜಾಗವೇ ಇಲ್ಲದ ಟೇಪರಿನ ಸಂದಿಯಲ್ಲಿ ಬೆಳೆದ ತುಕ್ಕು ಎರಡೂ ಮೇಲ್ಮೈಗಳನ್ನು ಒತ್ತಿ ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕಡಲ ತೀರದ ಊರುಗಳಲ್ಲಿ ಉಪ್ಪು ಬೆರೆತ ಗಾಳಿ ಮತ್ತು ಉದ್ದನೆಯ ಮಳೆಗಾಲ ಈ ಕೆಲಸವನ್ನು ಬೇಗ ಮುಗಿಸುತ್ತವೆ. ಓಡುವ ಕಾರಿಗಿಂತ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಹಬ್ ಹೆಚ್ಚು ಹಟ ಮಾಡುವುದು ಇದರಿಂದಲೇ.

ಎರಡನೆಯದು ಒಳಗಿನ ಸೂಕ್ಷ್ಮ ಉಜ್ಜಾಟ. ನಟ್ ಸ್ವಲ್ಪ ಸಡಿಲವಿದ್ದರೆ ಪ್ರತಿ ಬಾರಿ ಕಾರು ಹೊರಟಾಗಲೂ ನಿಂತಾಗಲೂ ಹಬ್ ಶಾಫ್ಟಿನ ಮೇಲೆ ಕಣ್ಣಿಗೆ ಕಾಣದಷ್ಟು ಜರುಗುತ್ತದೆ. ಆ ಉಜ್ಜಾಟದಿಂದ ಉದುರಿದ ಉಕ್ಕಿನ ಕಣಗಳು ಕೆಂಪು ಪುಡಿಯಾಗಿ ಸಂದಿಯಲ್ಲಿ ಗಟ್ಟಿಗಟ್ಟುತ್ತವೆ. ಕೆಲವೆಡೆ ಎರಡು ಮೇಲ್ಮೈಗಳು ಒಂದನ್ನೊಂದು ಕಿತ್ತು ಹೆಣೆದುಕೊಳ್ಳುವುದೂ ಉಂಟು. ಮೂರನೆಯದು ಅತಿಯಾದ ಬಿಗಿತ. ಟೇಪರಿಗೆ ಗ್ರೀಸ್ ಸವರಿ, ಉದ್ದನೆಯ ಪೈಪ್ ಹಾಕಿ ನಟ್ ಬಿಗಿದರೆ ಘರ್ಷಣೆ ಕಡಿಮೆಯಾದ ಕಾರಣ ಹಬ್ ಮಿತಿ ಮೀರಿ ಒಳಸರಿಯುತ್ತದೆ. ಕೀ ಕೂರುವ ಗಾಡಿಯ ಮೂಲೆಯಲ್ಲಿ ಹಬ್ ಬಿರುಕು ಬಿಡುವ ಅಪಾಯವೂ ಇದೆ. ನಾಲ್ಕನೆಯದು ಹಿಂದಿನವರ ತಪ್ಪು ದುರಸ್ತಿ. ಗಾಡಿಗಿಂತ ಎತ್ತರದ ಕೀ ಹೊಡೆದಿರುವುದು, ಸವೆದ ಟೇಪರಿಗೆ ತಗಡಿನ ಚೂರು ಸುತ್ತಿರುವುದು, ಹಬ್ಬನ್ನು ಶಾಫ್ಟಿಗೆ ವೆಲ್ಡ್ ಮಾಡಿರುವುದು ಹೊರಗಿನಿಂದ ಗೊತ್ತಾಗದೆ ಹೋಗಬಹುದು. ಆದ್ದರಿಂದ ಬಲ ಹಾಕುವ ಮೊದಲು ಶಾಫ್ಟಿನ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ದೀಪ ಹಿಡಿದು ನೋಡುವುದು ರೂಢಿ.

ಕೆಲಸಕ್ಕೆ ಮುನ್ನ

ನಟ್ಟನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸುವುದು ಉತ್ತಮ. ಎತ್ತಿ ನಿಲ್ಲಿಸಿದ ಕಾರಿನ ಮೇಲೆ ಉದ್ದನೆಯ ಪಾನಾ ಎಳೆದರೆ ಕಾರು ಸ್ಟ್ಯಾಂಡಿನಿಂದ ಜಾರಬಹುದು. ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಯ ನಡುವಿನ ಮುಚ್ಚಳ ತೆಗೆದು, ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಹೊರಗೆಳೆಯಬೇಕು. ತುಕ್ಕು ಹಿಡಿದ ಪಿನ್ ತುಂಡಾದರೆ ಉಳಿದ ಭಾಗವನ್ನು ಸಣ್ಣ ಪಂಚಿನಿಂದ ಹೊರದೂಡಬೇಕು. ನಟ್ಟಿಗೆ ಆರು ಮೂಲೆಯ ಗಟ್ಟಿ ಸಾಕೆಟ್ ಬೇಕು. ಹನ್ನೆರಡು ಮೂಲೆಯದು ಮೂಲೆಗಳನ್ನು ಉರುಟು ಮಾಡುತ್ತದೆ.

ಮರೆಯ ದಿಕ್ಕನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು. ಹಳೆಯ ಕ್ರೈಸ್ಲರ್ ಕಾರುಗಳ ಎಡಬದಿಯ ಗಾಲಿ ಬೋಲ್ಟುಗಳು ಎಡಮರೆಯವು. ಅವು ಬಿಚ್ಚುವುದು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ. ಇದು ತಿಳಿಯದೆ ಬಲ ಹಾಕಿ ಬೋಲ್ಟು ಮುರಿಯುವುದು ಸಾಮಾನ್ಯ.

ನಟ್ ಸಡಿಲವಾದ ಮೇಲೆ ಕಾರನ್ನು ಜಾಕಿನಿಂದ ಎತ್ತಿ, ಆಕ್ಸಲ್ ಅಥವಾ ಚಾಸಿಯ ಗಟ್ಟಿ ಜಾಗದ ಕೆಳಗೆ ಸ್ಟ್ಯಾಂಡ್ ಇಟ್ಟು ಇಳಿಸಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಲ್ಲಿ ಹಬ್ ಎಳೆಯಬಾರದು. ಗಾಲಿ ತೆಗೆದ ಮೇಲೆ ಹ್ಯಾಂಡ್ ಬ್ರೇಕ್ ಬಿಡಬೇಕು, ಬ್ರೇಕ್ ಹೊಂದಾಣಿಕೆಯ ತಿರುಪನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಡ್ರಮ್ಮಿನಿಂದ ದೂರ ಸರಿಸಬೇಕು. ಡ್ರಮ್ಮಿನ ಒಳಗೆ ಸವೆತದ ಅಂಚು ಇದ್ದು ಶೂಗಳು ಅದಕ್ಕೆ ಸಿಕ್ಕಿಕೊಂಡರೆ, ಟೇಪರ್ ಬಿಟ್ಟರೂ ಹಬ್ ಬರುವುದಿಲ್ಲ. ಟೇಪರೇ ಕಚ್ಚಿದೆ ಎಂದು ತಿಳಿದು ಇನ್ನಷ್ಟು ಬಲ ಹಾಕಿದರೆ ಶೂ, ಡ್ರಮ್ ಎರಡೂ ಹಾಳು.

ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅದರ ದೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ಮಿನ ದೂಳನ್ನು ಗಾಳಿಯ ಪೈಪಿನಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಸೂಕ್ತ ಮುಖಕವಚವೂ ಬೇಕು.

ಪುಲ್ಲರಿನ ಬಗೆಗಳು

ಸಲಕರಣೆಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಎರಡು ಅಥವಾ ಮೂರು ಕೊಕ್ಕೆಯ ಪುಲ್ಲರ್ ಪುಲ್ಲಿ, ಗೇರುಗಳಿಗೆ ಸರಿ, ಕಚ್ಚಿದ ಹಬ್ಬಿಗೆ ಸಾಲದು. ಅದರ ಕೊಕ್ಕೆಗಳು ಹಬ್ಬಿನ ಚಾಚುಪಟ್ಟಿಯ ಅಥವಾ ಡ್ರಮ್ಮಿನ ಅಂಚನ್ನು ಹಿಡಿಯುತ್ತವೆ. ಬಲ ಹೆಚ್ಚಿದಂತೆ ಅಂಚು ಬಾಗುತ್ತದೆ, ಎರಕದ ಡ್ರಮ್ ಒಡೆಯುತ್ತದೆ, ಇಲ್ಲವೇ ಕೊಕ್ಕೆ ಜಾರಿ ಹಾರುತ್ತದೆ.

ಈ ಕೆಲಸಕ್ಕೆ ತಕ್ಕದ್ದು ಗಾಲಿಯ ಬೋಲ್ಟುಗಳಿಗೇ ಬಿಗಿಯುವ ಪುಲ್ಲರ್. ದಪ್ಪ ಉಕ್ಕಿನ ಫಲಕ ಅಥವಾ ಗಟ್ಟಿ ಕಾಲುಗಳನ್ನು ಬೋಲ್ಟುಗಳಿಗೆ ನಟ್ ಹಾಕಿ ಕೂರಿಸಿ, ನಡುವಿನ ದೊಡ್ಡ ತಿರುಪನ್ನು ಶಾಫ್ಟಿನ ತುದಿಗೆ ಒತ್ತುವುದು ಇದರ ಕ್ರಮ. ಬಲ ಎಲ್ಲ ಬೋಲ್ಟುಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಹಬ್ ನೇರವಾಗಿ ಹೊರಸರಿಯುತ್ತದೆ. ಕ್ರೈಸ್ಲರ್ ಹಬ್ಬುಗಳಿಗೆ ಬಳಸುವ ಭಾರೀ ಪುಲ್ಲರಿನ ತಿರುಪಿನ ತಲೆಗೆ ಎರಡೂ ತುದಿ ದಪ್ಪಗಿರುವ ಒಂದು ಅಡ್ಡತೋಳು ಇರುತ್ತದೆ. ಆ ತೋಳಿನ ತುದಿಗೆ ಸುತ್ತಿಗೆಯಿಂದ ಹೊಡೆದಾಗ ತಿರುಪು ಅಷ್ಟಷ್ಟೇ ಸುತ್ತುತ್ತದೆ. ಕೈಯಿಂದ ಎಳೆದು ಸಿಗದ ಬಲ ಈ ಪೆಟ್ಟಿನಿಂದ ಸಿಗುತ್ತದೆ. 20 ಮಿಲಿಮೀಟರ್ ದಪ್ಪದ ತಿರುಪನ್ನು 300 ನ್ಯೂಟನ್-ಮೀಟರ್ ಬಲದಲ್ಲಿ ತಿರುಗಿಸಿದರೆ ಶಾಫ್ಟಿನ ಮೇಲೆ 7 ಟನ್ನಿಗೂ ಹೆಚ್ಚು ಒತ್ತಡ ಬೀಳುತ್ತದೆ. ತಿರುಪಿನ ಮರೆಗೂ ಮೊನೆಗೂ ಗ್ರೀಸ್ ಹಚ್ಚದಿದ್ದರೆ ಇದರಲ್ಲಿ ದೊಡ್ಡ ಪಾಲು ಘರ್ಷಣೆಗೇ ಹೋಗುತ್ತದೆ.

ಮಾಡೆಲ್ ಎ ಕಾರಿಗೆ ಹಬ್ಬಿನ ಅಂಚನ್ನು ಸುತ್ತಲೂ ತಬ್ಬಿ ಹಿಡಿಯುವ ಪುಲ್ಲರ್ ಇದೆ. ಬಲ ಹಬ್ಬಿನ ನಡುಭಾಗಕ್ಕೇ ಬೀಳುವುದರಿಂದ ಡ್ರಮ್ಮಿಗೆ ಕೆಡುಕಿಲ್ಲ. ಹಳೆಯ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಯೂ ಬೇಕಾದ ಅಳತೆಯ ಪುಲ್ಲರ್ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. 20 ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ಉಕ್ಕಿನ ಫಲಕ, ಗಾಲಿ ಬೋಲ್ಟುಗಳ ಅಂತರಕ್ಕೆ ಸರಿಯಾಗಿ ಕೊರೆದ ರಂಧ್ರಗಳು, ನಡುವೆ ಸಣ್ಣ ಮರೆಯ ಗಟ್ಟಿ ತಿರುಪು ಇದ್ದರೆ ಸಾಕು. ತೆಳು ಫಲಕ ಬಿಲ್ಲಿನಂತೆ ಬಾಗಿ ಬೋಲ್ಟುಗಳನ್ನು ಓರೆಯಾಗಿ ಎಳೆಯುತ್ತದೆ.

ಎಳೆಯುವ ಕ್ರಮ

ಮೊದಲ ನಿಯಮ: ನಟ್ಟನ್ನು ಪೂರ್ತಿ ತೆಗೆದಿಡಬಾರದು. ಅದನ್ನು ತಿರುವಿ ಮರಳಿ ಶಾಫ್ಟಿನ ತುದಿಗೆ ಸಮವಾಗಿ ನಿಲ್ಲಿಸಬೇಕು. ಹಬ್ಬಿಗೂ ನಟ್ಟಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಇದ್ದರೆ ಸಾಕು. ಇದರಿಂದ ಎರಡು ಲಾಭ. ಪುಲ್ಲರಿನ ತಿರುಪು ಒತ್ತುವಾಗ ಶಾಫ್ಟಿನ ಮರೆ ಅಗಲವಾಗಿ ಕೆಡುವುದಿಲ್ಲ. ಟೇಪರ್ ಬಿಟ್ಟಾಗ ಹಬ್ ನಟ್ಟಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಕಚ್ಚಿದ ಹಬ್ ನಿಧಾನಕ್ಕೆ ಬರುವುದಿಲ್ಲ. ಹಲವು ಟನ್ ಒತ್ತಡ ಒಂದೇ ಕ್ಷಣಕ್ಕೆ ಬಿಡುಗಡೆಯಾಗಿ ಗುಂಡು ಹೊಡೆದಂಥ ಸದ್ದಿನೊಂದಿಗೆ ಚಿಮ್ಮುತ್ತದೆ. ನಟ್ ಇಲ್ಲದಿದ್ದರೆ ಹಬ್, ಡ್ರಮ್, ಪುಲ್ಲರ್ ಮೂರೂ ಎದುರಿನವರ ಮೈಮೇಲೆ ಬರುತ್ತವೆ. ಕೆಲಸಗಾರ ಯಾವಾಗಲೂ ಪಕ್ಕದಲ್ಲಿ ನಿಲ್ಲಬೇಕು, ಕಣ್ಣಿಗೆ ಕನ್ನಡಕವಿರಬೇಕು.

ಪುಲ್ಲರಿನ ಎಲ್ಲ ಕಾಲುಗಳನ್ನೂ ಸಮನಾಗಿ ಬಿಗಿದು, ತಿರುಪು ಶಾಫ್ಟಿನ ನಡುಬಿಂದುವಿನಲ್ಲಿ ಕೂತಿದೆಯೆಂದು ನೋಡಿ, ಕೈಗೆ ಗಟ್ಟಿಯಾಗುವವರೆಗೆ ತಿರುಗಿಸಬೇಕು. ನಂತರ ಉದ್ದನೆಯ ಪಾನಾದಿಂದ ಇನ್ನಷ್ಟು ಬಿಗಿ ಕೊಟ್ಟು, ಒತ್ತಡದಲ್ಲಿರುವಾಗಲೇ ತಿರುಪಿನ ತಲೆಗೆ ಸುತ್ತಿಗೆಯಿಂದ ಒಂದು ಚುರುಕಾದ ಪೆಟ್ಟು ಕೊಡುವುದು ರೂಢಿ. ಪೆಟ್ಟಿನ ಕಂಪನ ತುಕ್ಕಿನ ಬಂಧವನ್ನು ಒಡೆಯುತ್ತದೆ, ಪುಲ್ಲರಿನ ಒತ್ತಡ ಹಬ್ಬನ್ನು ಸರಿಸುತ್ತದೆ. ಎರಡೂ ಒಟ್ಟಿಗೆ ಸೇರಿದಾಗ ಸಿಗುವ ಫಲ ಬೇರೆಬೇರೆಯಾಗಿ ಸಿಗುವುದಿಲ್ಲ. ಪೆಟ್ಟಿನ ನಂತರ ತಿರುಪು ಸ್ವಲ್ಪ ಸಡಿಲವೆನಿಸಿದರೆ ಹಬ್ ಜರುಗಿದೆ ಎಂದರ್ಥ. ಮತ್ತೆ ಬಿಗಿ, ಮತ್ತೆ ಪೆಟ್ಟು.

ಇಷ್ಟಕ್ಕೂ ಬಗ್ಗದಿದ್ದರೆ ಬಲವನ್ನು ಏರಿಸುತ್ತಲೇ ಹೋಗುವುದಕ್ಕಿಂತ ಸಮಯ ಕೊಡುವುದು ಜಾಣತನ. ಪುಲ್ಲರನ್ನು ಬಿಗಿಯಲ್ಲೇ ಬಿಟ್ಟು, ಟೇಪರಿನ ಸಪೂರ ತುದಿಗೂ ಕೀಯ ಗಾಡಿಗೂ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ ಒಂದು ರಾತ್ರಿ ಕಾಯಬೇಕು. ಕೀಯ ಗಾಡಿ ಟೇಪರಿನ ಉದ್ದಕ್ಕೂ ಹೋಗುವುದರಿಂದ ಎಣ್ಣೆ ಒಳಕ್ಕಿಳಿಯಲು ಅದೇ ಒಳ್ಳೆಯ ದಾರಿ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಸಮ ಬೆರೆಸಿದ ದ್ರವವನ್ನು ಹಳೆಯ ಕಾರು ದುರಸ್ತಿಗಾರರು ಹೆಚ್ಚು ಮೆಚ್ಚುತ್ತಾರೆ. ಅದು ಬೇಗ ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ಹತ್ತಿರ ಜ್ವಾಲೆ ಇರಬಾರದು. ದಿನಕ್ಕೆರಡು ಬಾರಿ ಎಣ್ಣೆ, ಒಂದಷ್ಟು ಪೆಟ್ಟು, ಸ್ವಲ್ಪ ಬಿಗಿ ಎಂದು ನಾಲ್ಕೈದು ದಿನ ನಡೆಸಿದರೆ ಬಹುಪಾಲು ಹಬ್ಬುಗಳು ಬಿಡುತ್ತವೆ. ಯಾರೂ ಮುಟ್ಟದಿರುವಾಗ, ನಡುರಾತ್ರಿಯಲ್ಲಿ ತಾನಾಗಿ ಸಿಡಿದು ಬಿಟ್ಟುಕೊಳ್ಳುವ ಹಬ್ಬುಗಳೂ ಇವೆ.

ಶಾಖ ಮತ್ತು ಪ್ರೆಸ್

ಮುಂದಿನ ಹಂತ ಶಾಖ. ಹಬ್ ಬಿಸಿಯಾಗಿ ಶಾಫ್ಟ್ ತಣ್ಣಗಿದ್ದರೆ ಹಬ್ ಹಿಗ್ಗಿ ಹಿಡಿತ ಕಡಿಮೆಯಾಗುತ್ತದೆ. 30 ಮಿಲಿಮೀಟರ್ ವ್ಯಾಸದ ರಂಧ್ರವಿರುವ ಹಬ್ ಶಾಫ್ಟಿಗಿಂತ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ರಂಧ್ರ 0.036 ಮಿಲಿಮೀಟರ್ ಅಗಲವಾಗುತ್ತದೆ. 1:8 ಟೇಪರಿನಲ್ಲಿ ಇದು ಸುಮಾರು 0.3 ಮಿಲಿಮೀಟರ್ ಹೊರಸರಿದದ್ದಕ್ಕೆ ಸಮ. ಅಂಕಿ ಚಿಕ್ಕದೆನಿಸಿದರೂ ಹಿಡಿತ ಬಿಡಿಸಲು ಸಾಕಾಗಬಹುದು. ಪುಲ್ಲರನ್ನು ಬಿಗಿಯಲ್ಲಿಟ್ಟು, ಹಬ್ಬಿನ ನಡುಭಾಗಕ್ಕೆ ಸುತ್ತಲೂ ಸಮನಾಗಿ, ಬೇಗಬೇಗ ಶಾಖ ಕೊಡಬೇಕು. ನಿಧಾನವಾದರೆ ಶಾಫ್ಟೂ ಬಿಸಿಯಾಗಿ ಪ್ರಯೋಜನ ತಪ್ಪುತ್ತದೆ.

ಶಾಖಕ್ಕೆ ಬೆಲೆ ತೆರಬೇಕಾಗುತ್ತದೆ. ರಬ್ಬರಿನ ಸೀಲು ಸುಡುತ್ತದೆ, ಗ್ರೀಸ್ ಕರಗಿ ಹರಿಯುತ್ತದೆ, ಅತಿಯಾದರೆ ಬೇರಿಂಗಿನ ಉಕ್ಕಿನ ಗಡಸುತನ ಇಳಿಯುತ್ತದೆ. ಹೇಗೂ ಬದಲಿಸಲಿರುವ ಬೇರಿಂಗು, ಸೀಲುಗಳಿದ್ದಾಗ ಮಾತ್ರ ಶಾಖ ಬಳಸುವುದು ಒಳಿತು. ಹಬ್ ಕೆಂಪಗಾಗುವಷ್ಟು ಕಾಯಿಸಬಾರದು, ಕಾದ ಹಬ್ಬಿಗೆ ನೀರು ಸುರಿಯಬಾರದು. ಬ್ರೇಕ್ ಎಣ್ಣೆಯ ಪೈಪೂ ಮೊದಲೇ ಹಾಕಿದ ತುಕ್ಕುಬಿಡಿಸುವ ಎಣ್ಣೆಯೂ ಹತ್ತಿರದಲ್ಲೇ ಇರುವುದರಿಂದ ಎಲ್ಲವನ್ನೂ ಒರೆಸಿ, ಬೆಂಕಿ ಆರಿಸುವ ಸಾಧನ ಪಕ್ಕದಲ್ಲಿಟ್ಟುಕೊಂಡೇ ಟಾರ್ಚ್ ಹಚ್ಚಬೇಕು.

ಹೆರಾಲ್ಡಿನಂಥ ಕಾರಿನಲ್ಲಿ ಇನ್ನೊಂದು ದಾರಿಯಿದೆ. ಶಾಫ್ಟಿನ ಒಳತುದಿ ಡಿಫರೆನ್ಷಿಯಲ್ಲಿಗೆ ನಾಲ್ಕು ಬೋಲ್ಟುಗಳಿಂದ ಸೇರಿರುತ್ತದೆ. ಅವನ್ನೂ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕಿನ ಸಂಪರ್ಕಗಳನ್ನೂ ಬಿಡಿಸಿದರೆ ಹಬ್ ಸಮೇತ ಇಡೀ ಶಾಫ್ಟ್ ಹೊರಬರುತ್ತದೆ. ಅದನ್ನು ವರ್ಕ್‌ಶಾಪಿನ 20 ಟನ್ ಹೈಡ್ರಾಲಿಕ್ ಪ್ರೆಸ್ಸಿಗೆ ಒಯ್ದು, ಹಬ್ಬಿನ ಚಾಚುಪಟ್ಟಿಗೆ ನಡುವಿಗೆ ಹತ್ತಿರವಾಗಿ ಆಸರೆ ಕೊಟ್ಟು ಶಾಫ್ಟನ್ನು ಒತ್ತಬಹುದು. ಪ್ರೆಸ್ಸಿನ ಬಲ ನೇರ, ಅಳತೆಗೆ ಸಿಗುವಂಥದ್ದು. ಹಟಮಾರಿ ಹಬ್ಬಿಗೆ ಇದು ಸುರಕ್ಷಿತ ಉಪಾಯ.

ಮಾಡಬಾರದ ಕೆಲಸಗಳು

ಶಾಫ್ಟಿನ ತುದಿಗೆ ದಪ್ಪ ನಟ್ಟಿನಂಥ ಟೋಪಿ ತಿರುವಿ, ಅದರ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆಯುವ ಹಳೆಯ ಪದ್ಧತಿಯೊಂದಿದೆ. ಕೆಲವೊಮ್ಮೆ ಹಬ್ ಬರುವುದೂ ನಿಜ. ಆದರೆ ಪೆಟ್ಟು ಹಬ್ಬಿನಲ್ಲಿ ನಿಲ್ಲದೆ ಶಾಫ್ಟಿನ ಉದ್ದಕ್ಕೂ ಹೋಗಿ ಡಿಫರೆನ್ಷಿಯಲ್ ತಲುಪುತ್ತದೆ. ಮಾಡೆಲ್ ಎ ಕಾರಿನಲ್ಲಿ ಶಾಫ್ಟಿನ ಒಳತುದಿಯಲ್ಲೇ ಗೇರ್ ಇದೆ. ಕ್ರೈಸ್ಲರ್ ಕಾರುಗಳಲ್ಲಿ ಎರಡು ಶಾಫ್ಟುಗಳ ನಡುವೆ ಒತ್ತಡ ತಡೆಯುವ ಒಂದು ಗಟ್ಟಿ ತುಂಡು ಇದೆ, ಅದರಾಚೆ ಇನ್ನೊಂದು ಬದಿಯ ಬೇರಿಂಗ್ ಇದೆ. ಎಡಗಾಲಿಗೆ ಬಿದ್ದ ಪೆಟ್ಟು ಬಲಗಾಲಿಯ ಬೇರಿಂಗಿನಲ್ಲಿ ಗುಳಿ ಮಾಡಬಹುದು. ಅದು ತಿಳಿಯುವುದು ಸಾವಿರ ಕಿಲೋಮೀಟರ್ ಓಡಿ ಗುಂಯ್ ಸದ್ದು ಶುರುವಾದ ಮೇಲೆ.

ನಟ್ಟನ್ನು ಎರಡು ಸುತ್ತು ಸಡಿಲಿಸಿ, ಸ್ಪ್ಲಿಟ್ ಪಿನ್ ಹಾಕಿ, ಅಂಗಳದಲ್ಲಿ ಕಾರನ್ನು ಎಂಟರ ಆಕಾರದಲ್ಲಿ ನಿಧಾನಕ್ಕೆ ಓಡಿಸುವ ಉಪಾಯವೂ ಚಾಲ್ತಿಯಲ್ಲಿದೆ. ತಿರುವಿನ ಅಡ್ಡಬಲ ಟೇಪರನ್ನು ಸಡಿಲಿಸುತ್ತದೆ ಎಂಬುದು ಅದರ ತರ್ಕ. ಟೇಪರ್ ಬಿಟ್ಟ ಕ್ಷಣದಿಂದ ತಿರುವು ಬಲವೆಲ್ಲ ಕೀಯ ಮೇಲೆ ಬಿದ್ದು ಅದರ ಗಾಡಿಯ ಅಂಚು ಕೆಡುವ ಅಪಾಯ ಇದರಲ್ಲಿದೆ. ಸಾರ್ವಜನಿಕ ರಸ್ತೆಯಲ್ಲಂತೂ ಇದನ್ನು ಮಾಡಲೇಬಾರದು. ಡ್ರಮ್ಮಿನ ಹಿಂದಿನಿಂದ ಕಬ್ಬಿಣದ ಸಲಾಕೆ ಹಾಕಿ ಮೀಟುವುದೂ ತಪ್ಪು. ಬ್ರೇಕಿನ ಹಿಂಬದಿಯ ತಟ್ಟೆ ಬಾಗುತ್ತದೆ, ಡ್ರಮ್ ಒಡೆಯುತ್ತದೆ.

ಕಳಚಿದ ಮೇಲೆ

ಹಬ್ ಕೈಗೆ ಬಂದಾಗ ಟೇಪರಿನ ಮೈಯೇ ಅದರ ಇತಿಹಾಸ ಹೇಳುತ್ತದೆ. ಸುತ್ತಲೂ ಒಂದೇ ಬಗೆಯ ಬೂದು ಹೊಳಪಿದ್ದರೆ ಕೂರಿಕೆ ಸರಿಯಿತ್ತು. ಕೆಂಪು ಪುಡಿ, ಗೀರು, ಗುಳಿಗಳಿದ್ದರೆ ಹಬ್ ಸಡಿಲವಾಗಿ ಓಡಿದೆ. ಕೀ ಮೆಟ್ಟಿಲಿನಂತೆ ಸವೆದಿದ್ದರೂ ಅದೇ ಸೂಚನೆ. ಟೇಪರನ್ನು ಸ್ವಚ್ಛ ಮಾಡಿ, ಶಾಫ್ಟಿಗೆ ತೆಳುವಾಗಿ ಪ್ರಷ್ಯನ್ ಬ್ಲೂ ಬಣ್ಣ ಹಚ್ಚಿ, ಕೀ ಇಲ್ಲದೆ ಹಬ್ಬನ್ನು ಒತ್ತಿ ತೆಗೆದರೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂಬುದು ನೀಲಿಯಲ್ಲಿ ಮೂಡುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು, ಅದರಲ್ಲೂ ದಪ್ಪ ತುದಿಯಲ್ಲಿ ಸುತ್ತಲೂ ತಾಗಿದರೆ ಚಿಂತೆಯಿಲ್ಲ.

ಅಲ್ಲಲ್ಲಿ ಮಾತ್ರ ತಾಗುತ್ತಿದ್ದರೆ ಎಂಜಿನ್ ವಾಲ್ವ್ ಉಜ್ಜುವ ನುಣುಪು ಪೇಸ್ಟ್ ಹಚ್ಚಿ ಹಬ್ಬನ್ನು ಶಾಫ್ಟಿನ ಮೇಲೆ ಹಿಂದೆಮುಂದೆ ತಿರುವಿ ಉಜ್ಜಬಹುದು. ನಂತರ ಪೇಸ್ಟಿನ ಕಣವೂ ಉಳಿಯದಂತೆ ತೊಳೆಯಬೇಕು. ಉಜ್ಜುವುದಕ್ಕೆ ಮಿತಿಯಿದೆ. ವ್ಯಾಸದಲ್ಲಿ 0.1 ಮಿಲಿಮೀಟರ್ ಸವೆದರೆ ಹಬ್ 0.8 ಮಿಲಿಮೀಟರ್ ಒಳಸರಿಯುತ್ತದೆ, ಡ್ರಮ್ ಹಿಂಬದಿಯ ತಟ್ಟೆಗೆ ಉಜ್ಜತೊಡಗುತ್ತದೆ. ಮಾಡೆಲ್ ಎ ಕಾರಿನ ಸವೆದ ಹಬ್ಬುಗಳಿಗೆ ಟೇಪರಿನ ಆಕಾರದ ತೆಳು ಉಕ್ಕಿನ ಶಿಮ್ಮುಗಳು ಸಿಗುತ್ತವೆ. ಗುಳಿ ಆಳವಾಗಿದ್ದರೆ ಹಬ್ಬನ್ನೋ ಶಾಫ್ಟನ್ನೋ ಬದಲಿಸುವುದೇ ಸರಿ.

ಶಾಫ್ಟಿನಲ್ಲಿ ಹೆಚ್ಚು ಗಮನ ಬೇಡುವುದು ಕೀಯ ಗಾಡಿ ಮುಗಿಯುವ ಜಾಗ ಮತ್ತು ಟೇಪರಿನ ದಪ್ಪ ತುದಿ. ಪ್ರತಿ ಸುತ್ತಿಗೂ ಕಾರಿನ ಭಾರ ಶಾಫ್ಟನ್ನು ಬಾಗಿಸುತ್ತದೆ, ಆ ಬಾಗಾಟ ಒಟ್ಟಾಗುವುದು ಇಲ್ಲೇ. ಬಣ್ಣದ ದ್ರವ ಹಚ್ಚಿ ಒರೆಸಿ ಬಿರುಕು ಪತ್ತೆಹಚ್ಚುವ ಡೈ ಪರೀಕ್ಷೆ ದುಬಾರಿಯಲ್ಲ. ಕೂದಲಿನಷ್ಟು ಬಿರುಕು ಕಂಡರೂ ಆ ಶಾಫ್ಟನ್ನು ಮತ್ತೆ ಬಳಸಬಾರದು, ವೆಲ್ಡ್ ಮಾಡಿಯೂ ಬಳಸಬಾರದು. ಹೊಸ ಶಾಫ್ಟ್ ಮಾಡಿಸುವುದಾದರೆ ಇಎನ್24ರಂಥ ಮಿಶ್ರಲೋಹದ ಉಕ್ಕು, ಸರಿಯಾದ ಶಾಖ ಸಂಸ್ಕರಣೆ, ಗಾಡಿಯ ಮೂಲೆಗಳಲ್ಲಿ ಚೂಪಿಲ್ಲದ ದುಂಡು ತಿರುವು ಇರಬೇಕು.

ಮತ್ತೆ ಕೂರಿಸುವುದು

ಮುಂದಿನ ಬಾರಿ ಹಬ್ ಸುಲಭವಾಗಿ ಬರುತ್ತದೋ ಇಲ್ಲವೋ ಎಂಬುದು ಜೋಡಣೆಯ ದಿನವೇ ತೀರ್ಮಾನವಾಗುತ್ತದೆ. ಬೇರಿಂಗ್ ಮತ್ತು ಸೀಲು ಹೊಸದಾಗಿ ಕೂರಿಸಿದ ಮೇಲೆ ಟೇಪರಿನ ಎರಡೂ ಮೈಗಳನ್ನು ಎಣ್ಣೆಯಂಶ ಇಲ್ಲದಂತೆ ಒರೆಸಿ ಒಣಗಿಸಬೇಕು. ಕೀ ಹೊಸದಿರಬೇಕು. ಅದು ಬದಿಗಳಲ್ಲಿ ಬಿಗಿಯಾಗಿ ಕೂತು ಮೇಲ್ಭಾಗದಲ್ಲಿ ಕೂದಲಿನಷ್ಟು ಸಂದಿ ಬಿಡಬೇಕು. ಮೇಲೆ ತಾಗಿದರೆ ಹಬ್ ಟೇಪರಿನ ಮೇಲೆ ಕೂರದೆ ಕೀಯ ಮೇಲೆ ಕೂರುತ್ತದೆ. ಹಬ್ಬಿನ ಹೊರತುದಿ ಶಾಫ್ಟಿಗೆ ಸೇರುವಲ್ಲಿ, ವಾಷರಿನ ಸುತ್ತ ತೆಳುವಾಗಿ ಗ್ರೀಸ್ ಸವರಿದರೆ ನೀರು ಒಳಹೋಗದೆ ತುಕ್ಕು ತಡೆಯುತ್ತದೆ.

ನಟ್ಟನ್ನು ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಹೆರಾಲ್ಡ್ ಬಳಗದ ಕಾರುಗಳಿಗೆ ಸುಮಾರು 135, ಮಾಡೆಲ್ ಎ ಕಾರಿಗೆ ಸುಮಾರು 170, ಕ್ರೈಸ್ಲರ್ ಕಾರುಗಳಿಗೆ ಸುಮಾರು 200 ನ್ಯೂಟನ್-ಮೀಟರ್ ಬಿಗಿ ವಾಡಿಕೆಯಲ್ಲಿದೆ. ಆಯಾ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಸ್ಪ್ಲಿಟ್ ಪಿನ್ನಿನ ರಂಧ್ರ ನಟ್ಟಿನ ಸಂದಿಗೆ ಹೊಂದದಿದ್ದರೆ ನಟ್ಟನ್ನು ಮುಂದಿನ ಸಂದಿಯವರೆಗೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಪಿನ್ನನ್ನು ಮತ್ತೆ ಬಳಸಬಾರದು, ನೈಲಾನ್ ಉಂಗುರದ ನಟ್ ಇದ್ದರೆ ಅದೂ ಹೊಸದೇ ಆಗಬೇಕು.

ಹೊಸದಾಗಿ ಕೂತ ಟೇಪರ್ ಓಡಾಟದ ಮೊದಲ ದಿನಗಳಲ್ಲಿ ಇನ್ನಷ್ಟು ಒಳಸರಿದು ನಟ್ ಸಡಿಲವಾಗುತ್ತದೆ. ಆದ್ದರಿಂದ 100 ಕಿಲೋಮೀಟರ್ ಒಳಗೆ ಪಿನ್ ತೆಗೆದು ಬಿಗಿಯನ್ನು ಮರುಪರೀಕ್ಷಿಸಿ, ಹೊಸ ಪಿನ್ ಹಾಕಬೇಕು. ಆಮೇಲೆ ವರ್ಷಕ್ಕೊಮ್ಮೆ ಬ್ರೇಕ್ ತಪಾಸಣೆಯ ಜೊತೆ ಇದೂ ಆಗಬೇಕು. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಮತ್ತು ರಾಜ್ಯದ ಎಷ್ಟೋ ಮನೆಗಳ ಶೆಡ್ಡುಗಳಲ್ಲಿ ಹಳೆಯ ಕಾರುಗಳು ಉಳಿದಿವೆ. ಟೇಪರ್ ಹಬ್ಬಿನ ಕಾರನ್ನು ಮತ್ತೆ ರಸ್ತೆಗಿಳಿಸಬೇಕೆಂದರೆ ಬಿಗಿಯ ಈ ಮರುಪರೀಕ್ಷೆ ಆಗುವ ತನಕ ಹಬ್ಬಿನ ಕೆಲಸ ಮುಗಿದಂತಲ್ಲ.